ಖೆನ್ಸಾನಿಗೆ ಒಂದೇ ಕೋವಿ

ಸಾಂಗ್ವೆ, ಚಿರೆಡ್ಜಿ
೭ ಮಾರ್ಚ್ ೧೯೯೯

ಮುದ್ದಿನ ಮಗಳು ಖೆನ್ಸಾನಿಗೆ,

ಅಪ್ಪನ ಆಶೀರ್ವಾದ. ನಾನು, ನಿನ್ನ ಅವ್ವ, ಅವಳ ಮೇಕೆಗಳು, ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ರುಂಡೆ ನದಿ ಉಕ್ಕಿ ಹದಿನೈದು ದಿನ ಈ ಕಡೆ ಬಸ್ಸೇ ಬರಲಿಲ್ಲ ಎಂದು ನೆಪ ಹೇಳಬಹುದಿತ್ತು. ನಿಜ ಅದಲ್ಲ. ನಿನ್ನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮೂವತ್ತೊಂದು ವರ್ಷ ಶಿಕಾರಿಗೆ ಬಂದವರ ಕೋವಿ ಹೊತ್ತವನು ನಾನು. "ರಿಸಿಮಾತಿ, ಆ ಕೋವಿ ಕೊಡು" ಅಂದವರಿದ್ದಾರೆ, "ರಿಸಿಮಾತಿ, ಇದನ್ನ ಒರೆಸಿಡು" ಅಂದವರಿದ್ದಾರೆ. "ಯಾವ ಕೋವಿ ಒಳ್ಳೆಯದು, ಹೇಳು" ಎಂದು ಕೇಳಿದವಳು ನೀನೊಬ್ಬಳೇ.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಒನಕೆ ನಿಲ್ಲಿಸದೆ ಕೇಳಿದಳು. ಶಿಕಾರಿ ಪರವಾನಗಿಯ ಲಿಖಿತ ಪರೀಕ್ಷೆಯಲ್ಲಿ ಪಾಸಾದೆ ಎಂಬಲ್ಲಿ ಒನಕೆ ನಿಂತಿತು. ಪೊಲೀಸರು ನಿನಗೆ ಒಂದೇ ಒಂದು ಕೋವಿಗೆ ಪರವಾನಗಿ ಕೊಟ್ಟಿದ್ದಾರೆ, ಡೇರೆಯ ಅಡುಗೆಗೆ ಹೊಡೆಯುವ ಇಂಪಾಲಾ ಜಿಂಕೆಯಿಂದ ಹಿಡಿದು ಆನೆಯವರೆಗೆ ಎಲ್ಲಕ್ಕೂ ಅದೊಂದೇ ಆಗಬೇಕು ಎಂಬಲ್ಲಿ ಮತ್ತೆ ಶುರುವಾಯಿತು.

"ಅಡುಗೆಮನೇಲಿ ನಂಗೆ ಮೂರು ಪಾತ್ರೆ ಬೇಕು, ಅವಳಿಗೆ ಒಂದೇ ಕೋವಿ ಕೊಟ್ಟು ಆನೆ ಹೊಡಿ ಅಂತಾರಾ? ನೋಡಿ ನಿಮ್ಮ ಮಗಳ ಹಣೆಬರಹ" ಅಂದಳು. ಒಳ್ಳೆಯದಾದಾಗ ನೀನು ಅವಳ ಮಗಳು. ಕೋವಿಯ ವಿಷಯ ಬಂದರೆ ಮಾತ್ರ ನನ್ನ ಮಗಳು.

ನಿನ್ನ ಗುರು ಡಿರ್ಕ್ ತನ್ನ ಹಳೆಯ ನಾನೂರ ಐವತ್ತೆಂಟರ ಕೋವಿಯನ್ನು ನಿನ್ನ ಹೆಸರಿಗೆ ಬರೆದುಕೊಡಲು ಸಿದ್ಧನಿದ್ದಾನೆ ಎಂದು ಬರೆದಿದ್ದೀಯ. ಅವನನ್ನು ನೀನು ಬರೀ ಡಿರ್ಕ್ ಎಂದು ಕರೆಯುವುದನ್ನು ಓದಿ ನನ್ನ ಕಿವಿ ಬೆಚ್ಚಗಾಯಿತು. ನಮ್ಮ ಕಾಲದಲ್ಲಿ ಹಿಂದೆ 'ಬಾಸ್' ಹಚ್ಚದೆ ಬಿಳಿಯರ ಹೆಸರು ನಮ್ಮ ಬಾಯಿಂದ ಹೊರಡುತ್ತಿರಲಿಲ್ಲ. ನಿನ್ನ ಜೊತೆ ಕಲಿಯುವ ಹುಡುಗರು, "ನಿಂಗೆ ಮುನ್ನೂರ ಎಪ್ಪತ್ತೈದು ಸಾಕು ಬಿಡೇ, ಅದು ಹೆಂಗಸರ ಕೋವಿ" ಎಂದು ರೇಗಿಸುತ್ತಾರೆ, ಅವರ ಬಾಯಿ ಮುಚ್ಚಿಸಲಿಕ್ಕಾದರೂ ದೊಡ್ಡದನ್ನೇ ತೆಗೆದುಕೊಳ್ಳೋಣ ಅನ್ನಿಸುತ್ತದೆ ಎಂದೂ ಬರೆದಿದ್ದೀಯ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅದು ನನ್ನಿಂದಲೇ ಬಂದದ್ದು.

ಈಗ ಮರುಲಾ ಹಣ್ಣಿನ ಕಾಲ. ಅವ್ವ ಮೂರು ಗಡಿಗೆ ಬೀರು ಇಳಿಸಿದ್ದಾಳೆ. ಕಳೆದ ಭಾನುವಾರ ಹಳೆಯ ಜಾಡುಗಾರರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಗೆಜಾನಿ ಗೊತ್ತಲ್ಲ, ಈಗಲೂ ಡಿರ್ಕ್‌ನ ಡೇರೆಯಲ್ಲಿ ಜಾಡು ಹಿಡಿಯುವವನು, ಮಳೆಗಾಲಕ್ಕೆ ರಜೆಯಲ್ಲಿ ಬಂದಿದ್ದ. ನಿನ್ನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಬೆಂಕಿಗೆ ಉಪ್ಪು ಹಾಕಿದ ಹಾಗಾಯಿತು.

"ಇದ್ರಲ್ಲಿ ಕೇಳೋದೇನಿದೆ? ನಾನೂರ ಐವತ್ತೆಂಟು!" ಎಂದು ಗೆಜಾನಿ ಎದ್ದೇ ನಿಂತ. "ಕಾಡುಕೋಣಕ್ಕೆ ಅದ್ರಲ್ಲಿ ಒಂದು ಬಿದ್ರೆ ಅದರಜ್ಜಂಗೂ ನೋವಾಗ್ಬೇಕು."

"ಇನ್ನೂರು ಹೆಜ್ಜೆ ದೂರದ ಕುಡು ಜಿಂಕೆಗೆ?" ಎಂದೆ.

"ಹತ್ರ ಹೋಗ್ಲಿ! ಕಾಲಿಲ್ವಾ ಅವಳಿಗೆ?"

"ನೀನು ಹತ್ರ ಹೋದ್ರೆ ಕುಡು ನಿಂತ್ಕೊಂಡು ನಿನ್ ಹಾಡು ಕೇಳುತ್ತಾ?" ಎಂದು ಇನ್ನೊಬ್ಬ ಕೇಳಿದ. ಅಂಗಳವೆಲ್ಲ ನಕ್ಕಿತು.

ಯಾರೋ ನಾನೂರ ಹದಿನಾರು ಎಂದರು. ಒಳ್ಳೆಯ ಕೋವಿಯೇ, ನಾನು ಬೇಡವೆನ್ನುವುದಿಲ್ಲ. ಆದರೆ ಅದರ ತೋಟಾ ಸಿಗಬೇಕಲ್ಲ? ಹಣ ಕೊಟ್ಟು ಶಿಕಾರಿ ಆಡಲು ಆ ಕೋವಿಯೊಂದಿಗೆ ವಿಮಾನದಿಂದಿಳಿದ ಗಿರಾಕಿಯೊಬ್ಬನ ತೋಟಾಪೆಟ್ಟಿಗೆ ಬೇರೆ ಊರಿಗೆ ಹೋಗಿತ್ತು. ಹತ್ತು ದಿನ ಅವನು ಡೇರೆಯಲ್ಲಿ ಕೂತು ಇಸ್ಪೀಟು ಆಡಿದ. ಮುನ್ನೂರ ಎಪ್ಪತ್ತೈದರ ತೋಟಾ ಚಿರೆಡ್ಜಿಯ ಅಂಗಡಿಯಲ್ಲೂ ಸಿಗುತ್ತದೆ, ಪಕ್ಕದ ಡೇರೆಯವನ ಜೇಬಿನಲ್ಲೂ ಸಿಗುತ್ತದೆ.

ಅವ್ವ ಎಲ್ಲರಿಗೂ ಬೀರು ಬಗ್ಗಿಸುತ್ತ, "ಮುನ್ನೂರು ನಾನೂರು ಅಂತ ಅರಚ್ತೀರಲ್ಲ, ಏನದು?" ಎಂದಳು. ಕೋವಿಯ ನಳಿಕೆಯ ಬಾಯಗಲ ಎಂದು ಹೇಳಿದೆ. ಒಂದು ಪೆನ್ಸಿಲಿಗಿಂತ ಕೊಂಚ ದಪ್ಪ, ಇನ್ನೊಂದು ಕಿರುಬೆರಳಿನಷ್ಟು ಎಂದು ತೋರಿಸಿದೆ. ಅವಳು ತನ್ನ ಕಿರುಬೆರಳು ನೋಡಿಕೊಂಡಳು. "ಇಷ್ಟಕ್ಕೆ ಮೂರು ಗಡಿಗೆ ಬೀರು ಖಾಲಿ ಮಾಡಿದ್ರಾ?" ಅಂದಳು.

ಇನ್ನು ನನ್ನ ಮಾತು ಕೇಳು. ನಾನು ಈ ಕೋವಿಗಳನ್ನು ಪುಸ್ತಕದಲ್ಲಿ ಓದಿದವನಲ್ಲ, ಹೆಗಲ ಮೇಲೆ ಓದಿದವನು. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರ ಹೊತ್ತಿಗೆ ಯಾವ ಕೋವಿ ಎಷ್ಟು ಭಾರವಾಗುತ್ತದೆ ಎಂದು ನನ್ನ ಕೊರಳ ಮೂಳೆಗೆ ಗೊತ್ತು. ತೀರ ಸಣ್ಣ ನಳಿಕೆಯವು ಜಿಂಕೆಗೆ ಚೆನ್ನ, ಆದರೆ ಅವನ್ನು ಹಿಡಿದು ಕೋಣದ ಮುಂದೆ ನಿಲ್ಲಲು ಕಾನೂನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ನಾನೂರ ಐವತ್ತೆಂಟು ಹತ್ತಿರದಲ್ಲಿ ಗೋಡೆಯನ್ನೇ ಉರುಳಿಸುತ್ತದೆ. ನೂರೈವತ್ತು ಹೆಜ್ಜೆ ದಾಟಿತೋ, ಅದರ ಗುಂಡು ಹೊಟ್ಟೆ ತುಂಬಿದ ಹದ್ದಿನಂತೆ ಕೆಳಗಿಳಿಯುತ್ತದೆ.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಒಬ್ಬ ಗಿರಾಕಿ ಬಂದಿದ್ದ, ಎತ್ತರದ ಆಳು, ಅವನ ತೋಳು ನನ್ನ ತೊಡೆಯಷ್ಟಿತ್ತು. ಕೈಯಲ್ಲಿ ನಾನೂರ ಐವತ್ತೆಂಟು. ಮರಕ್ಕೆ ಕಾಗದ ಅಂಟಿಸಿ ಹೊಡೆಸಿದೆವು. ಮೊದಲ ಈಡು ನಡುವಿಗೆ, ಎರಡನೆಯದು ಅಂಚಿಗೆ, ಮೂರನೆಯದು ಮರಕ್ಕೂ ತಾಗಲಿಲ್ಲ. ನಮ್ಮ ಬಾಸ್, ಗಿರಾಕಿಯನ್ನು ಕರೆತಂದ ಬಿಳಿ ಶಿಕಾರಿ, ನನ್ನತ್ತ ಕಣ್ಣು ಮಿಟುಕಿಸಿದ. ನಾಲ್ಕನೆಯ ಸಲ ತೋಟಾ ಹಾಕದೆ ಕೋವಿ ಕೊಟ್ಟೆ. ಆ ದೈತ್ಯ ಖಾಲಿ ಕೋವಿಯ ಟ್ರಿಗರ್ ಎಳೆದ. ನಳಿಕೆ ನೆಲ ನೋಡಿತು, ಅವನ ಕಣ್ಣು ಎರಡೂ ಬಿಗಿಯಾಗಿ ಮುಚ್ಚಿದ್ದವು. ಕೋವಿಯ ಒದೆತಕ್ಕೆ ಭುಜ ಒಮ್ಮೆ ಹೆದರಿತೆಂದರೆ ಕಣ್ಣಿಗೆ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಮುಚ್ಚಿದ ಕಣ್ಣಿಗೆ ಯಾವ ಕ್ಯಾಲಿಬರ್ ಕೊಟ್ಟರೂ ಒಂದೇ.

ಆದ್ದರಿಂದ ಮಗಳೇ, ಮುನ್ನೂರ ಎಪ್ಪತ್ತೈದು. ಇನ್ನೂರು ಹೆಜ್ಜೆಗೆ ಜಿಂಕೆಯ ಭುಜ ಹುಡುಕುತ್ತದೆ, ಗಟ್ಟಿ ಗುಂಡು ಹಾಕಿದರೆ ಆನೆಯ ತಲೆಬುರುಡೆಯನ್ನೂ ದಾಟುತ್ತದೆ. ಕೋವಿಯ ಮರದ ಬುಡವನ್ನು ನಿನ್ನ ತೋಳಿನ ಅಳತೆಗೆ ಕೊಯ್ಯಿಸಿಕೋ. ಗಂಡಸರ ಅಳತೆಗೆ ಮಾಡಿದ್ದನ್ನು ಹಾಗೇ ಹಿಡಿಯಬೇಡ, ಭುಜಕ್ಕೆ ಕೂರದೆ ಕೆನ್ನೆಗೆ ಹೊಡೆಯುತ್ತದೆ. ಡಿರ್ಕ್‌ಗೆ ಬೇಡವೆಂದು ನಯವಾಗಿ ಹೇಳು. ಹುಡುಗರು ನಗಲಿ. ಅವರ ನಗುವಿಗೆ ಉತ್ತರ ಕೊಡಬೇಕಾದದ್ದು ನಿನ್ನ ಕೋವಿಯ ಬಾಯಗಲವಲ್ಲ. ದಿನಾ ಖಾಲಿ ಕೋವಿ ಎತ್ತಿ ನೂರು ಸಲ ಗುರಿ ಹಿಡಿ.

ನೀನು ಎತ್ತರಕ್ಕೆ ಬೆಳೆ, ನಿನ್ನ ದಾರಿಯಲ್ಲಿ ಮುಳ್ಳಿಲ್ಲದಿರಲಿ ಎಂದು ತೀರಿಕೊಂಡ ಹಿರಿಯರನ್ನು ಬೇಡಿಕೊಂಡು ಬೀರು ನೆಲಕ್ಕೆ ಚೆಲ್ಲಿದ್ದೇನೆ.

ನಿನ್ನ ಅಪ್ಪ,
ರಿಸಿಮಾತಿ ಮಕೊಂಡೊ

ಅವ್ವ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಹೊಡೆಯೋವಾಗ ಭುಜಕ್ಕೆ ಬಟ್ಟೆ ಮಡಚಿ ಇಟ್ಕೋ. ನಗೋ ಹುಡುಗರ ಹೆಸರು ಬರೆದು ಕಳಿಸು, ಅವರ ಅವ್ವಂದಿರ ಹತ್ರ ಮಾತಾಡ್ತೀನಿ."


ಸಾಂಗ್ವೆ
೨೨ ಆಗಸ್ಟ್ ೧೯೯೯

ನನ್ನ ಮಗಳು ಖೆನ್ಸಾನಿಗೆ,

ಸಾವಿರ ಆಶೀರ್ವಾದ. ಈ ಸಲವೂ ತಡ ಮಾಡಿದೆ, ಬಯ್ಯಬೇಡ. ಐದು ದಿನದಿಂದ ಬರೆಯಲು ಕೂರುತ್ತೇನೆ, ಯಾರಾದರೂ ಬರುತ್ತಾರೆ. ಬಂದವರಿಗೆಲ್ಲ ಮೊದಲಿಂದ ಹೇಳಬೇಕು. ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ, ಆದರೂ ಒಬ್ಬರು ಬರದೆ ಹೋದರೆ ನಾನೇ ದಾರಿಗೆ ಹೋಗಿ ನಿಲ್ಲುತ್ತೇನೆ.

ನಿನ್ನ ಕಾಗದದಲ್ಲಿ ನಾಲ್ಕೇ ಸಾಲು ಇತ್ತು. "ಅಪ್ಪಾ, ಒಂದು ಕೋಣ ಮೈಮೇಲೆ ಬಂತು, ಹೊಡೆದೆ, ಎಲ್ಲರೂ ಕ್ಷೇಮ, ಅವ್ವನಿಗೆ ಹೇಳಬೇಡ." ಅವ್ವನಿಗೆ ಹೇಳಲಿಲ್ಲ. ಆದರೆ ಅದೇ ಬಸ್ಸಿನಲ್ಲಿ ಗೆಜಾನಿ ಬಂದಿಳಿದಿದ್ದ! ಗೆಜಾನಿಯ ಬಾಯಿಗೂ ನಮ್ಮ ಮನೆಗೂ ನಡುವೆ ಇಪ್ಪತ್ತು ಮನೆಗಳಿವೆ. ಅವನು ನಮ್ಮ ಅಂಗಳ ಮುಟ್ಟುವಷ್ಟರಲ್ಲಿ ಅವನ ಹಿಂದೆ ಇಪ್ಪತ್ತು ಮನೆಯ ಜನವೂ ಇದ್ದರು.

ಅವನು ಹೇಳಿದ್ದನ್ನು ನಿನಗೇ ಬರೆಯುವುದು ತಮಾಷೆ. ನಡೆದದ್ದು ನಿನಗೇ, ಹೇಳುವವನು ನಾನು. ಆದರೂ ಬರೆಯುತ್ತೇನೆ. ನೀನು ಒಳಗೆ ನಿಂತು ನೋಡಿದೆ, ಹೊರಗಿನಿಂದ ಹೇಗೆ ಕಂಡಿತು ಎಂದು ನಿನಗೆ ಗೊತ್ತಿರುವುದಿಲ್ಲ.

"ಬೆಳಿಗ್ಗೆ ಮೊದ್ಲು ಆ ಈಲಂಡ್ ಜಿಂಕೆ," ಎಂದು ಶುರು ಮಾಡಿದ ಗೆಜಾನಿ. ಸ್ಪೇನಿನ ಗಿರಾಕಿ ಈಲಂಡಿನ ಕಾಲಿಗೆ ಹೊಡೆದನಂತೆ. ಅದು ಕುಂಟುತ್ತ ಬಯಲು ದಾಟಿ ಮೋಪಾನೆ ಮರಗಳ ಅಂಚು ಸೇರುವುದರಲ್ಲಿತ್ತು. ಇನ್ನೂರು ಹೆಜ್ಜೆಗೂ ಮೇಲೆ. ಡಿರ್ಕ್‌ನ ಕೈಯಲ್ಲಿದ್ದದ್ದು ಎರಡು ನಳಿಕೆಯ ನಾನೂರ ಎಪ್ಪತ್ತು, ಅಷ್ಟು ದೂರಕ್ಕೆ ಅದು ಊರುಗೋಲು. "ಖೆನ್ಸಾನಿ," ಎಂದನಂತೆ ಅವನು, ಅಷ್ಟೇ. ನೀನು ಗೆದ್ದಲ ಹುತ್ತಕ್ಕೆ ಕೈಯೂರಿ ಒಂದು ಈಡು ಹೊಡೆದೆ. "ಈಲಂಡ್ ನಿಂತಲ್ಲೇ ಮಂಡಿ ಮಡಚ್ತು, ಚರ್ಚಲ್ಲಿ ಪ್ರಾರ್ಥನೆಗೆ ಕೂತ ಹಂಗೆ" ಎಂದ ಗೆಜಾನಿ.

ಅದೇ ಮಧ್ಯಾಹ್ನ ಆ ಗಿರಾಕಿ ಕೋಣದ ಹೊಟ್ಟೆಗೆ ಹೊಡೆದ. ಗೆಜಾನಿ ರಕ್ತದ ಜಾಡು ಹಿಡಿದು ಮುಂದೆ, ಡಿರ್ಕ್ ಬಲಕ್ಕೆ, ನೀನು ಎಡಕ್ಕೆ. ಗಿರಾಕಿಯನ್ನು ಮರದ ಕೆಳಗೆ ಕೂರಿಸಿ ಬಂದಿರಿ. ಜಾಡು ಮುಳ್ಳುಪೊದೆಗಳ ಒಳಗೆ ಹೊಕ್ಕಿತು. ಹತ್ತು ಹೆಜ್ಜೆಯಾಚೆ ಏನೂ ಕಾಣದಂಥ ಜಾಗ.

"ನಾನು ಬಗ್ಗಿ ನೋಡ್ತೀನಿ, ರಕ್ತ ಬಿಸಿ ಇದೆ, ಜಾಡು ಸುತ್ತಿ ಹಿಂದಕ್ಕೆ ಹೋಗಿದೆ," ಎಂದ ಗೆಜಾನಿ. "ಅರ್ಥ ಆಯ್ತು ನಂಗೆ. ಅದು ನಮ್ ಹಿಂದೇನೇ ನಿಂತಿದೆ. ಬಾಯಿ ತೆಗಿಯೋದ್ರೊಳಗೆ ಪೊದೆ ಒಡ್ಕೊಂಡು ಬಂತು. ಡಿರ್ಕ್ ತಿರುಗಿ ಹೊಡೆದ, ಗುಂಡು ಕೊಂಬಿನ ಬುಡಕ್ಕೆ ತಾಗಿ ಚೂರು ಹಾರ್ತು. ಇನ್ನೊಂದು ನಳಿಕೆನೂ ಹೊಡೆದ, ಅದು ಎದೆಗೆ ಬಿತ್ತು, ಕೋಣ ಕೇರೇ ಮಾಡ್ಲಿಲ್ಲ. ಎರಡೂ ಖಾಲಿ! ಅವನು ಹಿಂದಕ್ಕೆ ಹೆಜ್ಜೆ ಇಟ್ಟ, ಬೇರು ತೊಡರಿ ಬಿದ್ದ."

"ನೀನೇನ್ ಮಾಡ್ತಿದ್ದೆ?" ಎಂದು ಗೆಜಾನಿಯ ಹೆಂಡತಿ ಕೇಳಿದಳು.

"ಮರ ಹತ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಮುಳ್ಳಿನ ಮರ. ತೋರಿಸ್ಬಹುದಾದ ಜಾಗದಲ್ಲಿ ಗಾಯ ಆಗಿಲ್ಲ, ಇಲ್ದಿದ್ರೆ ತೋರಿಸ್ತಿದ್ದೆ."

ಎಲ್ಲರೂ ನಕ್ಕರು. ನಿನ್ನ ಅವ್ವ ನಗಲಿಲ್ಲ. ಬೋಗುಣಿಯ ಕಡಲೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತ್ತು.

"ಈ ಹುಡುಗಿ ಓಡ್ಲಿಲ್ಲ," ಎಂದ ಗೆಜಾನಿ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಡಿರ್ಕ್ ಬಿದ್ದಿದ್ದಾನಲ್ಲ, ಅವನ ಪಕ್ಕ ಒಂದು ಹೆಜ್ಜೆ ಮುಂದೆ ಬಂದು ನಿಂತ್ಲು. ಕೋಣ ತಲೆ ತಗ್ಗಿಸೋವರ್ಗೂ ಕಾದ್ಲು. ಮೇಲಿಂದ ನೋಡ್ತಿದ್ದೀನಿ, ನಂಗೆ ಉಚ್ಚೆ ಬರೋ ಹಂಗಾಗಿದೆ, ಹೊಡಿಯೇ ಹೊಡಿಯೇ ಅಂತ ಕಿರುಚಿದ್ದೀನಿ, ಅವಳು ಇನ್ನೂ ಕಾಯ್ತಾಳೆ! ಆರು ಹೆಜ್ಜೆ ಇದ್ದಾಗ ಒಂದೇ ಈಡು. ಕಣ್ಣುಗಳ ನಡುವೆ, ಕೊಂಚ ಕೆಳಗೆ. ಕೋಣದ ಮೂಗು ಬಂದು ಡಿರ್ಕ್‌ನ ಬೂಟಿಗೆ ತಾಗಿ ನಿಂತಿತು. ಅವಳು ಸುತ್ತ ಬಂದು ಇನ್ನೊಂದು ಈಡು ಕತ್ತಿನ ಹಿಂದೆ ಹಾಕಿ, ಆಮೇಲೆ ನನ್ನ ಕಡೆ ನೋಡಿ, 'ಇಳೀರಿ ಮಾವ, ಸತ್ತಿದೆ' ಅಂದ್ಲು."

ಅಂಗಳದ ಹೆಂಗಸರು ಸಂಭ್ರಮದಿಂದ ಕುಲುಲು ಎಂದು ಹಾಕಿದ ಕೂಗು ಸಾವೆ ನದಿಯ ಆಚೆಗೂ ಕೇಳಿಸಿರಬೇಕು.

ಡಿರ್ಕ್ ಎದ್ದು ಕೂತು ಮಾಡಿದ ಮೊದಲ ಕೆಲಸವನ್ನೂ ಗೆಜಾನಿ ಹೇಳಿದ. ನಿನ್ನ ಕೈಯ ಕೋವಿ ಇಸಿದುಕೊಂಡು ಅತ್ತಿತ್ತ ತಿರುಗಿಸಿ ನೋಡಿದನಂತೆ.

"ನನ್ನ ಕೋವಿ ಬೇಡ ಅಂದ್ಯಲ್ಲ ನೀನು. ಯಾರು ಹೇಳಿದ್ದು ಇದನ್ನ ತಗೋ ಅಂತ?"

"ನಮ್ಮಪ್ಪ."

"ಶಿಕಾರಿನಾ ಅವನು?"

"ಕೋವಿ ಹೊರ್ತಿದ್ರು."

ಡಿರ್ಕ್ ಟೋಪಿ ತೆಗೆದನಂತೆ. ಬೆವರು ಒರೆಸಲು ತೆಗೆದನೋ ನನಗೆಂದು ತೆಗೆದನೋ, ಗೆಜಾನಿ ಆಣೆ ಮಾಡಿ ಹೇಳಲಾರ. ನಾನು ನನಗೆಂದೇ ಇಟ್ಟುಕೊಂಡಿದ್ದೇನೆ. ಆಮೇಲೆ ಅವನು ಹೇಳಿಕಳಿಸಿದ್ದು ಇದು: ಮುಂದಿನ ತಿಂಗಳು ಹೊಸದಾಗಿ ಕಲಿಯಲು ಬರುವವರಿಗೆ ನಾನು ಡೇರೆಗೆ ಬಂದು ಒಂದು ದಿನ ಕೋವಿಗಳ ಬಗ್ಗೆ ಮಾತಾಡಬೇಕು. ಕುರ್ಚಿ ಹಾಕಿಸುತ್ತಾನಂತೆ.

"ಕುರ್ಚಿ ಮೇಲೆ ಕೂತು ನಿಮಗೆ ಮಾತು ಬರುತ್ತಾ, ಖೆನ್ಸಾನಿ ಅಪ್ಪ? ನಿಂತೇ ಅಭ್ಯಾಸ ನಿಮಗೆ" ಎಂದಳು ಅವ್ವ. ಆದರೆ ಮರುದಿನವೇ ನನ್ನ ಖಾಕಿ ಕೋಟನ್ನು ತೆಗೆದು ಬಿಸಿಲಿಗೆ ಹಾಕಿದ್ದಾಳೆ. ನಿನ್ನ ಮೇಲೆ ಅವಳಿಗೆ ಕೋಪವಿದೆ, ಮುಚ್ಚಿಟ್ಟಿದ್ದಕ್ಕೆ. ಅದೇ ಕೋಪದಲ್ಲಿ ಊರೆಲ್ಲ ತಿರುಗಿ "ನನ್ನ ಮಗಳು" ಎಂದು ಹೇಳಿ ಬಂದಿದ್ದಾಳೆ. ಗಮನಿಸು, ಈ ಸಲ ಕೋವಿಯ ವಿಷಯದಲ್ಲೂ ನೀನು ಅವಳ ಮಗಳು. ನನಗೆ ಪಾಲಿಲ್ಲ. ನಿನಗೆ ತಿನ್ನಲೆಂದು ಒಣಗಿಸಿದ ಮೋಪಾನೆ ಹುಳು ಒಂದು ಚೀಲ ಕಟ್ಟಿಟ್ಟಿದ್ದಾಳೆ, ನಾನು ಬರುವಾಗ ತರುತ್ತೇನೆ.

ರೇಗಿಸುತ್ತಿದ್ದ ಹುಡುಗರಲ್ಲಿ ಇಬ್ಬರು ಈಗ ಮುನ್ನೂರ ಎಪ್ಪತ್ತೈದಕ್ಕೆ ಅರ್ಜಿ ಹಾಕಿದ್ದಾರೆ ಎಂದು ಕೇಳಿ ಬಹಳ ನಕ್ಕೆ. ಅವರನ್ನು ಹಂಗಿಸಬೇಡ. ಸರಿ, ಒಂದು ದಿನ ಹಂಗಿಸು.

ಅಕ್ಟೋಬರಿನ ಕೊನೆಯ ಪರೀಕ್ಷೆಯನ್ನು ನೀನು ಗೆದ್ದೇ ಗೆಲ್ಲುತ್ತೀಯ. ಮಕೊಂಡೊ ಮನೆತನದಲ್ಲಿ ಶಿಕಾರಿಯ ಪರವಾನಗಿ ಪಡೆದವರು ಈವರೆಗೆ ಒಬ್ಬರೂ ಇಲ್ಲ, ಗಂಡಸರಲ್ಲೂ ಇಲ್ಲ. ಪಡೆದ ದಿನ ಆ ಕಾಗದವನ್ನು ಮೊದಲು ನನ್ನ ಕೈಯಲ್ಲಿಡು. ನಿನ್ನ ಕಣ್ಣು ಹೀಗೇ ತೆರೆದಿರಲಿ, ನಿನ್ನ ಹೆಜ್ಜೆಗೆ ಹಿರಿಯರ ಕಾವಲಿರಲಿ. ನೂರು ಕಾಲ ಬಾಳು ಮಗಳೇ.

ನಿನ್ನ ಅಪ್ಪ,
ರಿಸಿಮಾತಿ ಮಕೊಂಡೊ

ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ. ನಿನ್ನ ಚಿಕ್ಕಪ್ಪ ಹನ್ಯಾನಿ ನೀನು ಹುಟ್ಟುವ ಹಿಂದಿನ ವರ್ಷ ಜ್ವರದಿಂದ ಹೋದ ಎಂದು ನಿನಗೆ ಹೇಳಿದ್ದೇವೆ. ಜ್ವರವಲ್ಲ. ಅವನೂ ನನ್ನ ಜೊತೆ ಜಾಡು ಹಿಡಿಯುತ್ತಿದ್ದ. ಮ್ವೆನೆಜಿ ನದಿಯ ದಂಡೆಯಲ್ಲಿ ಗಾಯಗೊಂಡ ಕೋಣ ಅವನನ್ನು ಕೆಡವಿತು. ನಮ್ಮ ಬಾಗಿಲಿನಿಂದ ಮೇಕೆ ಕೊಟ್ಟಿಗೆಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನಾನಿದ್ದೆ. ಗಿರಾಕಿಯ ಎರಡನೆಯ ಕೋವಿ ತುಂಬಿ ನನ್ನ ಕೈಯಲ್ಲಿತ್ತು. ಮುನ್ನೂರ ಎಪ್ಪತ್ತೈದೇ. ಭುಜಕ್ಕೇರಿಸಿದೆ, ಗುರಿಯೂ ಸಿಕ್ಕಿತ್ತು. ಆದರೆ ಕೋವಿ ಹೊರುವವನು ಹೊಡೆಯುವ ಹಾಗಿಲ್ಲ. ಬಿಳಿಯರ ಸರ್ಕಾರದ ವಿರುದ್ಧ ಯುದ್ಧ ನಡೆಯುತ್ತಿದ್ದ ವರ್ಷಗಳವು. ಕಪ್ಪು ಮನುಷ್ಯ ಕೋವಿ ಹಾರಿಸಿದರೆ ಕೋಣ ಎಲ್ಲಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪಣೆಗಾಗಿ ನಾನು ಬಾಸ್‌ನ ಮುಖ ನೋಡಿದೆ. ಅವನು ಕೈಯಿಂದ ಗಿರಾಕಿಯತ್ತ ತೋರಿಸಿದ. ಓಡಿಹೋಗಿ, ನನಗೆ ಕಲಿಸಿದ ಹಾಗೆಯೇ, ಬುಡ ಮುಂದೆ ಮಾಡಿ, ಕೋವಿಯನ್ನು ಗಿರಾಕಿಯ ಕೈಗಿಟ್ಟೆ. ಅವನು ಹೊಡೆದ ಒಂದೇ ಈಡಿಗೆ ಕೋಣ ಬಿತ್ತು. ಅಷ್ಟರಲ್ಲಿ ಹನ್ಯಾನಿ ನನ್ನ ಹೆಸರು ಕೂಗುವುದನ್ನು ನಿಲ್ಲಿಸಿದ್ದ.

ನಿನ್ನ ಅವ್ವನಿಗಲ್ಲದೆ ಇನ್ನಾರಿಗೂ ಇದನ್ನು ಹೇಳಿಲ್ಲ.

ಮೊನ್ನೆ ಜನವೆಲ್ಲ ಹೋದ ಮೇಲೆ ಗೆಜಾನಿಯನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದೆ, "ಹೊಡೆಯೋ ಮುಂಚೆ ಅವಳು ಡಿರ್ಕ್‌ನ ಮುಖ ನೋಡಿದ್ಲಾ?" ಎಂದು. "ಯಾಕೆ ನೋಡ್ಬೇಕು? ನೋಡ್ಲಿಲ್ಲ" ಎಂದ. ಮತ್ತೆ ಕೇಳಿದೆ. ಮೂರು ಸಲ ಹೇಳಿಸಿದೆ. "ಸಾಕು ಮಾರಾಯ, ಎಷ್ಟು ಹೆಮ್ಮೆ ಪಡ್ತೀಯ" ಎಂದು ನಕ್ಕ ಅವನು.

ಹೆಮ್ಮೆಯೂ ಇತ್ತು.